ತಲಬಾಗಲದ ಅಗಳಿ, ಶಟರಿನ ರಿಮೋಟ

ಈಗ ನಮ್ಮ ಕಡೆ ಹೊಸಾ ಮನಿ ಕಟ್ಟಿಸಿದವರು ಮುಂದ ಗಾಡಿ ನಿಲ್ಲಸಾಕ ಒಂದು ಜಾಗಾ ಬಿಡ್ತಾರ, ಅದಕ್ಕೊಂದು ಮೋಟಾರಿನ ಶಟರ್ ಹಾಕಸ್ತಾರ. ಜಮಖಂಡಿಗೆ ಹೋಗ್ರಿ, ಮುಧೋಳಕ್ಕ ಹೋಗ್ರಿ, ಬನಹಟ್ಟಿ ಹೊಸಾ ಪ್ಲಾಟಿನ ಕಡೆ ಹೋಗ್ರಿ, ಗೃಹಪ್ರವೇಶದ ದಿನ ಮನಿ ಯಜಮಾನ್ರು ದೇವರ ಕ್ವಾಣಿಗಿಂತ ಮೊದಲ ತೋರಸೂದು ಅದನ್ನ. ಬೆಂಕಿಪೆಟ್ಟಿಗಿಯಷ್ಟು ಸಣ್ಣ ಡಬ್ಬಿ, ಒತ್ತಿದ್ರ ಶಟರ್ ಗರಗರ ಅಂತ ಏರತೈತಿ. ಈ ಡಬ್ಬಿ ಎಲ್ಲಿಂದ ಬಂತು, ಮನ್ಯಾಗಿರೋ ಹೆಣ್ಣಮಕ್ಕಳು ಇದರ ಬಗ್ಗೆ ಏನು ತಿಳಕೊಂಡಿರಬೇಕು, ಬರೀರಿ ಅಂತ ಓಣ್ಯಾಗ ಇಬ್ಬರು ಮೂವರು ಕೇಳಿದ್ರು. ಬರದೀನಿ. ಆದರ ಕತಿ ಶುರು ಆಗೂದು ಡಬ್ಬಿಯಿಂದ ಅಲ್ಲ, ದನದಿಂದ.

ನಮ್ಮ ಹಳೇ ಮನಿ ಹೆಂಗಿದ್ವು ನೆನಪು ಮಾಡ್ಕೋರಿ. ತಲಬಾಗಲಾ ದಾಟಿದ ಕೂಡಲೆ ಗ್ವಾದಲಿ, ಅಲ್ಲೆ ಎತ್ತು, ಆಕಳ, ಎಮ್ಮಿ. ಅದರಾಚೆ ಎರಡು ಮೆಟ್ಟಲ ಏರಿದ್ರ ಪಡಸಾಲಿ. ದನಾ ಮನಿ ಒಳಗ ಯಾಕಂದ್ರ ಎತ್ತು ಅಂದ್ರ ದುಡಿಮಿ. ಜೋಡೆತ್ತು ಕಳವಾದ್ರ ಆ ವರ್ಷದ ಬಿತ್ತಿಗೀನ ಹೋತು. ಅದಕ್ಕ ತಲಬಾಗಲದ ಕದ ಅಷ್ಟು ದಪ್ಪ, ಹಿಂದ ಅಡ್ಡ ಹಾಕೂ ಕಟಗಿ ಅಗಳಿ. ಹಗಲೊತ್ತು ಅಗಳಿ ಗ್ವಾಡಿ ತೂತಿನೊಳಗ ಸರಕೊಂಡು ಕುಂತಿರ್ತಿತ್ತು, ರಾತ್ರಿ ಎಳದು ಆ ಕಡೆ ಗ್ವಾಡಿಗೆ ಸಿಗಸೂದು. ಊರಿಗೂ ಹಂಗ ಒಂದು ಅಗಸಿ. ಅಗಸಿ ಕದ ಹೋಗಿ ಎಷ್ಟೋ ವರ್ಷ ಆತು, ಆದ್ರೂ "ಅಗಸಿ ಹಂತ್ಯಾಕ ಇಳೀರಿ" ಅನ್ನೂದು ಇನ್ನೂ ನಮ್ಮ ಬಾಯಾಗ ಐತಿ.

ಅಗಳಿಗೆ ಒಂದು ಗುಣ ಇತ್ತು. ಹೊರಗಿನಿಂದ ತಗ್ಯಾಕ ಬರತಿದ್ದಿಲ್ಲ, ಒಳಗ ಒಬ್ಬರು ಇರಲೇಬೇಕು. ಆ ಒಬ್ಬರು ಯಾರು? ಮುದಕಿ, ಇಲ್ಲಾ ಸೊಸಿ. ಗಂಡಸರು ತಡಾ ಮಾಡಿ ಬಂದ್ರ ಕದ ಬಡೀಬೇಕು, ಧ್ವನಿ ಕೇಳಿ ಗುರುತು ಹಿಡದ ಮ್ಯಾಲ ಅಗಳಿ ಸರೀತಿತ್ತು. ಧ್ವನಿನ ಆಗಿನ ಕೋಡ್ ಅನ್ರಿ. ಯಾರು ಬಂದ್ರು, ಎಷ್ಟಕ್ಕ ಬಂದ್ರು ಅನ್ನೂದು ಆಕಿಗೆ ಗೊತ್ತಾಗದ ಇರ್ತಿದ್ದಿಲ್ಲ. ಜಮಖಂಡಿ ಪಟವರ್ಧನರು, ಮುಧೋಳ ಘೋರ್ಪಡೆಯವರು ಆಳೂ ಕಾಲದಾಗ, ಅಂದ್ರ 1948ಕ್ಕ ಸಂಸ್ಥಾನ ವಿಲೀನ ಆಗೂ ತನಕ, ದೊಡ್ಡ ಮಂದಿ ವಾಡೇಕ್ಕ ಆನಿ ಹೋಗೂ ಅಷ್ಟು ಎತ್ತರದ ಕದ, ಅದರೊಳಗ ಬಗ್ಗಿ ಬರೂ ಅಂಥಾ ಸಣ್ಣ ದಿಡ್ಡಿ ಬಾಗಲಾ. ಬಗ್ಗಿದವ ಒಮ್ಮೆಲೆ ಕೈ ಎತ್ತಾಕ ಆಗೂದಿಲ್ಲ, ಒಬ್ಬೊಬ್ಬರ ಬರಬೇಕು. ಆಮ್ಯಾಲ ಕೀಲಿ ಬಂತು, ಕೀಲಿಕೈ ಗೊಂಚಲ ಅತ್ತಿ ಸೊಂಟಕ್ಕ ಬಂತು. ಅತ್ತಿ ಸೊಂಟದಿಂದ ಸೊಸಿ ಸೊಂಟಕ್ಕ ಅದು ಬರಾಕ ಎಷ್ಟು ವರ್ಷ ಹಿಡೀತಿತ್ತು ಅನ್ನೂದು ನಿಮಗ ನಾನೇನು ಹೇಳೂದು.

ಮನಿ ರಚನೆ ಬದಲಾದದ್ದು ಒಂದೊಂದು ಕಡೆ ಒಂದೊಂದು ಕಾರಣಕ್ಕ. ಬೀಳಗಿ ತಾಲೂಕಿನ ಎಷ್ಟೋ ಊರು ಆಲಮಟ್ಟಿ ಹಿನ್ನೀರಿನ್ಯಾಗ ಹೋದ್ವು. ಮಂದಿ ತೊಲಿ, ಕಂಬ, ತಲಬಾಗಲಾ ಕಿತ್ತು ಹೇರಕೊಂಡು ಪುನರ್ವಸತಿ ಕೇಂದ್ರಕ್ಕ ಬಂದ್ರು. ಹೊಸಾ ಪ್ಲಾಟಿನ ಅಳತಿಯೊಳಗ ದನಕ್ಕ ಮನಿ ಒಳಗ ಜಾಗಾ ಹಿಡೀಲಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬಿನ ರೊಕ್ಕ ಬಂತು, ಟ್ರ್ಯಾಕ್ಟರ್ ಬಂತು, ಎತ್ತು ಕಡಿಮಿ ಆದ್ವು. ಗ್ವಾದಲಿ ಇದ್ದಲ್ಲೆ ಈಗ ಕಾರು ನಿಂತೈತಿ.

ಇನ್ನ ಶಟರಿನ ಕಡೆ ಬರೂಣು. ಗಾಡಿ ಮನಿಗೆ ಮ್ಯಾಲಕ್ಕೇರೂ ಕದ ಮಾಡಿದವ ಅಮೇರಿಕಾದ ಸಿ. ಜಿ. ಜಾನ್ಸನ್, 1921ರಾಗ. ಭಾರಿ ಕದ ಎತ್ತಾಕ ಆಗದವರ ಸಲುವಾಗಿ 1926ರಾಗ ಅದಕ್ಕ ಕರೆಂಟಿನ ಮೋಟಾರ ಕೂಡಿಸಿದ. ಆದರ ತಂತಿ ಇಲ್ಲದ, ದೂರ ನಿಂತು ಒಂದು ಕೆಲಸಾ ಮಾಡಸೂದು ಅದಕ್ಕಿಂತ ಹಳೇದು, ಮತ್ತ ನಮ್ಮ ದೇಶದ್ದು. 1895ರಾಗ ಜಗದೀಶಚಂದ್ರ ಬೋಸರು ಕಲ್ಕತ್ತಾದ ಟೌನ್ ಹಾಲಿನ್ಯಾಗ ಮಂದಿ ಮುಂದ ಕಣ್ಣಿಗೆ ಕಾಣದ ಅಲೆ ಕಳಸಿದ್ರು. ಗ್ವಾಡಿ ದಾಟಿ ಹೋದ ಅಲೆ ಆ ಕಡೆ ಗಂಟಿ ಬಾರಿಸ್ತು, ಮದ್ದಿನಪುಡಿಗೆ ಬೆಂಕಿ ಹಚ್ಚಿತು. ಮೂರು ವರ್ಷದ ಮ್ಯಾಲ, 1898ರಾಗ, ನ್ಯೂಯಾರ್ಕಿನ್ಯಾಗ ನಿಕೋಲಾ ಟೆಸ್ಲಾ ಅನ್ನಾವ ಸಣ್ಣ ದೋಣಿ ಒಂದನ್ನ ದೂರದಿಂದ ಆಡಿಸಿ ತೋರಿಸಿದ. ರಿಮೋಟ ಹುಟ್ಟಿದ ಊರು ಕಲ್ಕತ್ತಾ ಅಂತನ ನಾನು ಹೇಳಾಕಿ, ಯಾರರ ವಾದಾ ಮಾಡ್ತೀನಿ ಅಂದ್ರ ಮಾಡ್ಲಿ.

ಅಲೆ ಕಳಸೂದು ಕಲತ್ರು, ಆದರ ಮೊದಮೊದಲ ಒಂದು ತ್ರಾಸ ಇತ್ತು. ಎಲ್ಲಾ ಡಬ್ಬಿನೂ ಒಂದ ಥರ ಅಲೆ ಕಳಸ್ತಿದ್ವು. ನಾನು ನನ್ನ ಕದ ತೆಗ್ಯಾಕ ಒತ್ತಿದ್ರ ಬಾಜು ಮನ್ಯಾಗಿನ ಕದಾನೂ ಏಳತಿತ್ತು. ಅಗಳಿ ಧ್ವನಿ ಗುರುತು ಹಿಡೀತಿತ್ತು, ಈ ಯಂತ್ರಕ್ಕ ಗುರುತ ಇದ್ದಿದ್ದಿಲ್ಲ. ಅದಕ್ಕ ಡಬ್ಬಿ ಒಳಗ ಸಣ್ಣ ಸಣ್ಣ ಸ್ವಿಚ್ಚಿನ ಸಾಲು ಇಟ್ರು. ಕೆಲವು ಮ್ಯಾಲ, ಕೆಲವು ಕೆಳಗ. ಶಟರಿನ ಪೆಟ್ಟಿಗಿಯೊಳಗೂ ಹಂಗ ಇಟ್ರ ಎರಡೂ ಹೊಂದಿದಾಗಷ್ಟ ಕದ ಏಳೂದು. ರಬಕವಿ-ಬನಹಟ್ಟಿ ಅಕ್ಕಾರಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ. ಮಗ್ಗದ ಜಕಾರ್ಡಿನ ಕಾರ್ಡ್ ನೋಡೀರಲ್ಲ, ತೂತಿದ್ದಲ್ಲೆ ಎಳಿ ಏಳತೈತಿ, ತೂತಿಲ್ಲದಲ್ಲೆ ಏಳೂದಿಲ್ಲ, ಸೀರಿ ಅಂಚಿನ ಹೂವು ಬಳ್ಳಿ ಎಲ್ಲಾ ಆ ಎರಡ ಮಾತಿನ್ಯಾಗ ಬರದಿರತೈತಿ. ಇದೂ ಅದ. ಎಂಟು ಸ್ವಿಚ್ಚಿದ್ರ 256 ಥರ ಜೋಡಣೆ, ಹನ್ನೆರಡಿದ್ರ 4096.

4096 ಅಂದ್ರ ಬಾಳ ಅನಸತೈತಿ. ಅಲ್ಲ. 2015ರಾಗ ಸ್ಯಾಮಿ ಕಾಮ್ಕಾರ್ ಅನ್ನೂ ಅಮೇರಿಕಾದ ತಜ್ಞ, ಹುಡುಗೂರು ಮೆಸೇಜ್ ಕಳಸೂ ಒಂದು ಆಟಿಗಿ ಸಾಮಾನನ್ನ ತಿದ್ದಿ, ಇಂಥಾ ಕದಾನ ಹತ್ತು ಸೆಕೆಂಡಿನೊಳಗ ತೆಗದು ತೋರಿಸಿದ. ಅವನ ಉಪಾಯ ನಿಮಗ ಸಾಲ್ಯಾಗನ ಗೊತ್ತು. ಕನ್ನಡ ಮಾಸ್ತರು ಛಂದಸ್ಸಿನ ಪಾಠದಾಗ ಬಾಯಿಪಾಠ ಮಾಡಿಸಿದ ಸೂತ್ರ ನೆನಪೈತಿ? ಯಮಾತಾರಾಜಭಾನಸಲಗಂ. ರನ್ನ ಕವಿ ಹುಟ್ಟಿದ ಮುಧೋಳದ ನೆಲದ ಹೆಣ್ಣಮಕ್ಕಳು ಗಣ ಮರತ್ರ ಹೆಂಗ? ಗಣ ಎಂಟು, ಒಂದೊಂದಕ್ಕ ಮೂರು ಅಕ್ಷರ, ಬಿಡಿಬಿಡಿ ಬರದ್ರ 24 ಅಕ್ಷರ ಬೇಕು. ಆದರ ಸೂತ್ರದಾಗ ಇರೂದು ಬರೇ ಹತ್ತು. ಯ-ಮಾ-ತಾ ತಗೊಂಡ್ರ ಯ ಗಣ, ಒಂದಕ್ಷರ ಮುಂದ ಸರದ್ರ ಮಾ-ತಾ-ರಾ, ಅದು ಮ ಗಣ, ಇನ್ನೊಂದು ಸರದ್ರ ತಾ-ರಾ-ಜ, ಅದು ತ ಗಣ. ಹಿಂಗ ಸರಕೋತ ಹೋದ್ರ ಎಂಟೂ ಗಣ ಒಂದರ ಸೆರಗಿನ್ಯಾಗ ಒಂದು ಸಿಗತಾವ. ಅವನೂ ಹಂಗ ಹೆಣದ. 4096 ಕೋಡನ್ನ ಬಿಡಿಬಿಡಿ ಕಳಸಿದ್ರ 49,152 ಸ್ವಿಚ್ಚಿನ ಗುರುತು ಕಳಸಬೇಕು. ಒಂದರೊಳಗೊಂದು ಹೆಣದ್ರ 4107 ಸಾಕು. ಹಳೇ ಪೆಟ್ಟಿಗಿಗೆ ಕೋಡ್ ಎಲ್ಲಿ ಶುರು ಆತು ಅನ್ನೂ ಪರಿವಿ ಇರೂದಿಲ್ಲ, ತನ್ನ ಹನ್ನೆರಡು ಗುರುತು ಸಾಲಾಗಿ ಬಂದ್ವು ಅಂದ್ರ ಕದ ಎತ್ತಿ ಬಿಡತೈತಿ. ನಮ್ಮ ಹಿರೇರು ಪದ್ಯದ ಸಲುವಾಗಿ ಮಾಡಿಟ್ಟ ಜಾಣತನ, ನೋಡ್ರಿ ಎಲ್ಲಿ ಹೋಗಿ ಕುಂತತಿ.

ಇದಕ್ಕ ಉತ್ತರ ಅದಕ್ಕಿಂತ ಬಾಳ ಮೊದಲ ದಕ್ಷಿಣ ಆಫ್ರಿಕಾದಾಗ ಸಿಕ್ಕಿತ್ತು. ಕೀಲಾಕ್ ಅಂತ ಹೆಸರು, 1995ರಾಗ ಅದನ್ನ ಅಮೇರಿಕಾದ ಮೈಕ್ರೋಚಿಪ್ ಕಂಪನಿ ಕೊಂಡುಕೊಂತು. ಒತ್ತಿದಾಗೊಮ್ಮೆ ಡಬ್ಬಿ ಹೊಸಾ ಕೋಡ್ ಕಳಸತೈತಿ, ಶಟರಿನ ಪೆಟ್ಟಿಗಿನೂ ತನ್ನ ಕಡೆ ಎಣಿಕಿ ಇಟ್ಟಿರತೈತಿ, ಆಗಿ ಹೋದ ಕೋಡ್ ಮತ್ತ ಬಂದ್ರ ಒಳಗ ಬಿಡೂದಿಲ್ಲ. ಕಳ್ಳ ಕದ್ದು ಹಿಡದಿಟ್ಕೊಂಡ್ರೂ ಅದು ನಿನ್ನಿ ಬಸ್ಸಿನ ಟಿಕೀಟ. ಇದಕ್ಕ ರೋಲಿಂಗ್ ಕೋಡ್ ಅಂತಾರ. ಮಮ್ಮಗ ರಿಮೋಟ ಹಿಡಕೊಂಡು ಮಾಮಾನ ಊರಿಗೆ ಹೋಗಿ ದಿನಾ ಪೂರ್ತಿ ಒತ್ತಿ ಆಡಿದ್ನೊ, ಎಣಿಕಿ ಮುಂದ ಹೋಗಿರತೈತಿ, ವಾಪಸ್ ಬಂದಾಗ ಮೊದಲನೇ ಸಲ ಕದ ಏಳೂದಿಲ್ಲ. ಕೆಟ್ಟೈತಿ ಅನಬ್ಯಾಡ್ರಿ, ಒಂದರ ಬೆನ್ನಿಗೆ ಇನ್ನೊಂದು ಸಲ ಒತ್ತಿರಿ, ಇಂಥಾವು ಬಾಳಷ್ಟು ತಾವ ಹೊಂದಿಕೊಂತಾವ.

ನಮ್ಮ ಊರಿನ್ಯಾಗ ಅಗ್ಗದ ಶಟರಿನ ಜೋಡಿ ಬರೂವು ಎಷ್ಟೋ ಇನ್ನೂ ಬದಲಾಗದ ಕೋಡಿನವ. ಚಾವಿ ಮಾಡೂ ಅಂಗಡ್ಯಾಗ ಐದು ನಿಮಿಷದಾಗ ನಕಲು ಆಗತಾವ. ಕೂಡಿಸಾಕ ಬಂದ ಹುಡುಗನ್ನ ಮೊದಲ ಇದನ್ನ ಕೇಳ್ರಿ: ರೋಲಿಂಗ್ ಕೋಡ್ ಐತಿ ಇಲ್ಲೊ? ಚಾ ಕೊಡೂಕಿಂತ ಮೊದಲ ಕೇಳ್ರಿ. ಆಮ್ಯಾಲ ಪೆಟ್ಟಿಗಿಯೊಳಗ 'ಲರ್ನ್' ಅನ್ನೂ ಗುಂಡಿ ಎಲ್ಲೈತಿ ನೋಡಕೊಳ್ರಿ. ಅದನ್ನ ಒಮ್ಮೆ ಒತ್ತಿ, ದೀಪ ಹತ್ತಿದಾಗ ಹೊಸಾ ರಿಮೋಟ ಒತ್ತಿದ್ರ ಪೆಟ್ಟಿಗಿ ಅದರ ಗುರುತು ಹಿಡೀತೈತಿ. ಬಾಳಷ್ಟು ಪೆಟ್ಟಿಗಿಯೊಳಗ ಅದ ಗುಂಡಿನ ಒತ್ತಿ ಹಿಡಕೊಂಡ ನಿಂತ್ರ ಹಳೇ ಗುರುತು ಎಲ್ಲಾ ಅಳಸಿ ಹೋಗತಾವ. ಬಾಡಿಗಿಯವರು ಬಿಟ್ಟು ಹೋದ್ರ, ಡ್ರೈವರ್ ಬದಲಾದ್ರ, ಸಂತ್ಯಾಗ ರಿಮೋಟ ಕಳದ್ರ ಅವತ್ತ ಅಳಸಿ ಮತ್ತ ಹೊಸದಾಗಿ ಕೂಡಸ್ರಿ. ಅಗಳಿ ಕಾಲದಾಗ ಮನಿ ಬಿಟ್ಟು ಹೋದಾವ ತನ್ನ ಜೋಡಿ ಏನೂ ಒಯ್ತಿದ್ದಿಲ್ಲ, ಈಗ ಮನಿ ಬಾಗಲಾನ ಕಿಸೆದಾಗ ಇಟ್ಕೊಂಡು ಹೋಗತಾನ. ಬ್ಯಾಟರಿ ಕೆಲವಕ್ಕ 12 ವೋಲ್ಟಿನ ಸಣ್ಣ ಕೊಳವಿ, ಕೆಲವಕ್ಕ 3 ವೋಲ್ಟಿನ ಬಿಲ್ಲಿ. ಕದದ ಹಂತ್ಯಾಕ ಬಂದು ಒತ್ತಿದ್ರಷ್ಟ ಏಳಾಕ ಹತ್ತಿತಂದ್ರ ಬ್ಯಾಟರಿ ಮುಗ್ಯಾಕ ಬಂತು ಅಂತ ತಿಳೀರಿ.

ಈಗ ಹೇಳೂದನ್ನ ಎರಡು ಸಲ ಓದ್ರಿ. ಅಮೇರಿಕಾದಾಗ ಮೋಟಾರಿನ ಕದದ ಬುಡಕ ಸಿಕ್ಕು ಸಣ್ಣ ಕೂಸು ಸತ್ತು ಸತ್ತು, ಕಡೀಗೆ 1993ರಿಂದ ಕಾಯ್ದೆ ಬಂತು: ಮನಿ ಗ್ಯಾರೇಜಿನ ಹೊಸಾ ಮೋಟಾರ ಯಾವುದ ಇರಲಿ, ಅಡ್ಡ ಏನರ ಬಂದ್ರ ಕದ ತಾನ ಹಿಂದಕ್ಕ ಏರಬೇಕು. ಅದರ ಸಲುವಾಗಿ ನೆಲದಿಂದ ಗೇಣಿಗಿಂತ ಕಡಿಮಿ ಎತ್ತರಕ್ಕ ಆ ಕಡೆ ಈ ಕಡೆ ಎರಡು ಕಣ್ಣು ಕೂಡಸ್ತಾರ. ನಮ್ಮಲ್ಲೆ ಆ ಕಣ್ಣಿಗೆ ಬ್ಯಾರೆ ರೊಕ್ಕ ಆಗತೈತಿ ಅಂತ ಬಿಡ್ತಾರ. ಗ್ರಾನೈಟಿಗೆ ಲಕ್ಷಗಟ್ಟಲೆ ಹಾಕಿದವರು ಇದಕ್ಕ ಯಾಕ ಹಿಂದ ಮುಂದ ನೋಡ್ತಾರೊ ನನಗ ತಿಳೀವಲ್ದು. ಅಂಬೆಗಾಲ ಇಡೂ ಕೂಸಿದ್ದ ಮನ್ಯಾಗ ಕಣ್ಣಿಲ್ಲದ ಶಟರ್ ಇದ್ರ ಮೋಟಾರ ಬಂದ್ ಮಾಡಿ ಇಡ್ರಿ, ಕೈಲೆ ಎಳೀರಿ.

ಇನ್ನೊಂದು ಕರೆಂಟಿನ ಮಾತು. ಬ್ಯಾಟರಿ ಆಸರಾ ಇಲ್ಲದ ಮೋಟಾರಿಗೆ ಕರೆಂಟ್ ಹೋದ್ರ ಶಟರ್ ಅಲ್ಲೆ ನಿಂದರತೈತಿ. ನಮ್ಮ ಓಣ್ಯಾಗ ಒಬ್ಬಾಕಿ, ಬ್ಯಾಸಗಿ ಮಧ್ಯಾಹ್ನ, ಅತ್ತಿಗೆ ಎದಿ ನೋವು ಬಂದು ಕಾರು ಹೊರಗ ತಗೀಬೇಕು, ಕರೆಂಟಿಲ್ಲ. ಮೋಟಾರಿಗೆ ಕೈಲೆ ಬಿಡಿಸೂ ಸರಪಳಿ ಇತ್ತು, ಆದರ ಎಲ್ಲೈತಿ ಅನ್ನೂದು ಗಂಡಗಷ್ಟ ಗೊತ್ತು, ಗಂಡ ಹೊಲಕ್ಕ ಹೋಗ್ಯಾನ. ರಿಮೋಟಾನೂ ಅವನ ಕಿಸೆದಾಗ. ಕಡೀಗೆ ಮಂದಿ ಕೂಡಿ ಅತ್ತಿನ ಮುಂಬಾಗಲದಿಂದ ಎತ್ತಿಕೊಂಡು ಬಂದು ಆಟೋದಾಗ ಕೂಡ್ರಿಸಿದ್ರು, ಮುದಕಿ ಉಳಕೊಂಡ್ಲು. ಅಲಿಬಾಬಾನ ಕತಿಯೊಳಗ ಅಣ್ಣ ಗವಿ ಒಳಗ ಹೋಗಿ ತೆರಿಯೂ ಮಾತು ಮರತು ಸಿಕ್ಕೊಂಡಿದ್ನಲ್ಲ, ಹಂಗ. ನೂರಾರು ವರ್ಷ ತಲಬಾಗಲಾ ತೆಗಿಯೂದು ಹಾಕೂದು ನಮ್ಮ ಕೈಯಾಗ ಇತ್ತು, ಬೇಕೊ ಬ್ಯಾಡೊ ನಾವ ಎದ್ದು ಹೋಗಿ ಅಗಳಿ ಸರಸ್ತಿದ್ವಿ. ಈ ಡಬ್ಬಿ ಬಂದು ಅದನ್ನ ಸಪ್ಪಳ ಇಲ್ಲದ ಗಂಡಸರ ಕಿಸೆಕ್ಕ ಹಾಕೇತಿ. ಬಾಳಷ್ಟು ಶಟರಿನ ಜೋಡಿ ಎರಡು ರಿಮೋಟ ಬರತಾವ. ಎರಡನೇದು ಕಪಾಟಿನ್ಯಾಗ, ಪ್ಲಾಸ್ಟಿಕ್ ಚೀಲದಾಗ, ವಾರಂಟಿ ಕಾಗದದ ಜೋಡಿ ಮಲಗಿರತೈತಿ. ಅದನ್ನ ತಗದು ನಿಮ್ಮ ಕೀಲಿಕೈ ಗೊಂಚಲಿಗೆ ಹಾಕ್ಕೊಳ್ರಿ. ಸರಪಳಿ ಎಲ್ಲೈತಿ ಕೇಳಿ, ಕರೆಂಟ್ ಬಂದ್ ಮಾಡಿ ಒಂದು ಸಲ ಎಳದು ನೋಡ್ರಿ, ಅತ್ತಿ ಕಡೆಯಿಂದನೂ ಎಳಸ್ರಿ.

ಹೊಳಿ ದಂಡಿ ಊರಿನವರಿಗೆ ಒಂದು ಹೆಚ್ಚಿನ ಮಾತು. 2019ರ ಆಗಸ್ಟದಾಗ ಕೃಷ್ಣಾ, ಘಟಪ್ರಭಾ ಎರಡೂ ಏರಿ ಜಮಖಂಡಿ, ಮುಧೋಳ ತಾಲೂಕಿನ ಮನಿಗೆ ನೀರು ಹೊಕ್ಕದ್ದು ಮರತಿಲ್ಲಲ್ಲ. ಶಟರಿನ ಕೋಡ್ ಪೆಟ್ಟಿಗಿನ ಸ್ವಿಚ್ ಬೋರ್ಡಿನ ಸಾಲಿಗೆ ಹಚ್ಚಾಕ ಬಿಡಬ್ಯಾಡ್ರಿ, ಆಗ ಗ್ವಾಡಿ ಮ್ಯಾಲ ನೀರಿನ ಗುರುತು ಎಲ್ಲಿ ತನಕ ಬಂದಿತ್ತು ನೋಡಿ ಅದಕ್ಕಿಂತ ಎರಡು ಮೊಳ ಮ್ಯಾಲ ಹಚ್ಚಸ್ರಿ.