ತೋಡಿಂಗೆ ಕಟ್ಟ ಕಟ್ಟುವ ಸಮಯ

ನವರಾತ್ರಿ ಕಳುದು ಮಳೆ ಹೆರಟು ಹೋಪ ಹೊತ್ತಿಂಗೆ ಎಂಗಳ ಹೊಡೆಣ ತೋಟದ ಮನೆಗಳಲ್ಲಿ ಅಂಬ್ರೆಪ್ಪು ಸುರು ಅಕ್ಕು. ಕಾಸರಗೋಡು, ಕುಂಬ್ಳೆ, ಪೆರ್ಲ, ವಿಟ್ಲ – ಈ ಊರುಗಳಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಬತ್ತು. ಆದರೆ ಅದರ ಹೆಚ್ಚಿನ ಪಾಲುದೆ ಜೂನಿಂದ ಸಪ್ಟೆಂಬರಿನ ಒಳವೇ ಬಂದು, ತೋಡಿಂಗೆ ಇಳುದು, ಸಮುದ್ರ ಸೇರಿ ಆವುತ್ತು. ಮತ್ತೆ ಮೇ ವರೆಗೆ ಅಡಕ್ಕೆ ಮರಕ್ಕೆ ನೀರು ನಾವೇ ಕೊಡೆಕ್ಕು. ಈ ಲೆಕ್ಕ ಗೊಂತಿಲ್ಲದ್ದರೆ ಹಳಬರು ಚಳಿಗೆ ಮದಲು ಎಂತಕೆ ಅಷ್ಟು ಓಡಿಗೊಂಡಿತ್ತಿದ್ದವು ಹೇಳಿ ಅರ್ಥ ಆಗ.

ಸುರುವಾಣ ಕೆಲಸ ಜಾಲಿಂದು. ನಾಲ್ಕು ತಿಂಗಳು ಮಳೆ ಬಿದ್ದ ಜಾಲಿಲಿ ಪಾಚಿ ಹಿಡುದಿಕ್ಕು, ಕಾಲು ಮಡುಗಿರೆ ಜಾರುಗು. ನೆಡವಲೆ ಹಾಕಿದ ಅಡಕ್ಕೆ ಸಲಾಕೆಗಳ ತೆಗದು, ಹುಲ್ಲು ಕೆರಸಿ, ಹೊಂಡಕ್ಕೆ ಮಣ್ಣು ತುಂಬುಸಿ, ಬಡುದು ಸಮ ಮಾಡಿ, ಸಗಣ ಬಳುಗೆಕ್ಕು. ಇದೇ ಜಾಲಿಲಿ ಮುಂದೆ ಹಣ್ಣಡಕ್ಕೆ ಹತ್ತರೆ ಹತ್ತರೆ ಒಂದೂವರೆ ತಿಂಗಳು ಒಣಗೆಕ್ಕು. ಚಾಲಿ ಹೇಳಿ ಮಾರ್ತದು ಅದರನ್ನೇ. ಜಾಲಿನ ಕೆಲಸ ಹೆಚ್ಚಿಂದುದೆ ಹೆಮ್ಮಕ್ಕಳ ಬೆನ್ನಿಂಗೇ ಬಿದ್ದುಗೊಂಡಿತ್ತು; ಮನೆಯ ಲೆಕ್ಕದ ಪುಸ್ತಕಲ್ಲಿ ಅದಕ್ಕೆ ಒಂದು ಗೆರೆಯೂ ಇಲ್ಲೆ.

ಬಪ್ಪವುದೆ ಇದೇ ಸಮಯಕ್ಕೆ ಬಕ್ಕು. ಮಳೆಗಾಲಲ್ಲಿ ತೋಡು ದಾಂಟಿ ಆರು ಬತ್ತವು? ಸಂಕ ಬೆಳ್ಳಲ್ಲಿ ಹೋದರೆ ನೆಂಟ್ರುದೆ ಬಾರವು. ನೀರು ಇಳುದಪ್ಪಗ ಜವಳಿ ಕಟ್ಟ ಹೊತ್ತವು, ಬಳೆಯವು, ದೀಪಾವಳಿ ಕಳುದು ತಿರುಗಾಟಕ್ಕೆ ಹೆರಟ ಮೇಳದ ಆಟದ ಸುದ್ದಿ ಹಿಡ್ಕೊಂಡು ಬಪ್ಪವು – ಎಲ್ಲೋರುದೆ ಬಂದು ಆಸರಿಂಗೆ ಕುಡುದು ಹೋಕು. ಅಡಕ್ಕೆ ವ್ಯಾಪಾರಿಗೊ ಜೆಗಿಲಿಲಿ ಕೂದು, ಮರಲ್ಲಿಪ್ಪ ಕೊನೆಯ ನೋಡಿಯೇ ಮುಂಗಡ ಕೊಡುಗು. ಹಬ್ಬದ ಖರ್ಚಿಂಗೆ, ಮಗಳ ಮದುವೆಗೆ ಪೈಸೆ ಬೇಕಾದವು ತೆಕ್ಕೊಂಗು. ಮತ್ತೆ ಕ್ರಯ ಹೇಳ್ತದು ಆರು? ಪೈಸೆ ಕೊಟ್ಟವೇ. 1970ರ ಹೊತ್ತಿಂಗೆ ಅಡಕ್ಕೆ ಕ್ರಯ ಕುಸುದು, 1973ರಲ್ಲಿ ಮಂಗಳೂರಿಲಿ ಕ್ಯಾಂಪ್ಕೋ ಸುರು ಆದ ಮೇಲೆಯೇ ಆ ಹಿಡಿತ ಸಡಿಲ ಆದ್ದು.

ಇನ್ನೊಂದು ಜೆನ ಬಕ್ಕು, ಅವರ ಹೆಸರು ಹಳೇ ನೆಂಪುಗಳಲ್ಲಿ ಕಾಂಬದು ಕಮ್ಮಿ. ಕಾಡಿನ ಬಳ್ಳಿ ತಂದು ಹೆಡಗೆ, ಕುರುವೆ ಹೆಣದು ಕೊಡ್ತ ಕೊರಗರು. ಅಡಕ್ಕೆ ಹೊರುಲೆ, ಮಣ್ಣು ಹೊರುಲೆ ಅವರ ಹೆಡಗೆಯೇ ಆಯೆಕ್ಕು. ಹೆಡಗೆ ಮನೆಯ ಒಳ ಬಕ್ಕು, ಹೆಣದವು ಮಾತ್ರ ಜಾಲಿನ ಕರೆಂದ ಇತ್ಲಾಗಿ ಬಪ್ಪಲಾಗ. ಇದರ ಬಿಟ್ಟು ಮದಲಾಣ ಕಾಲ ಚೆಂದ ಇತ್ತು ಹೇಳಿ ಬರವಲೆ ಎನಗೆ ಮನಸ್ಸು ಬತ್ತಿಲ್ಲೆ.

ಇನ್ನು ಕಟ್ಟದ ಸಂಗತಿ. ಈಗಾಣ ಮಕ್ಕೊಗೆ ಕಟ್ಟ ಹೇಳಿರೆ ಸಿಮೆಂಟಿನ ಅಣೆಕಟ್ಟೇ ನೆಂಪಪ್ಪದು. ಇದು ಹಾಂಗಲ್ಲ. ತೋಡಿಂಗೆ ಅಡ್ಡ ಎರಡು ಸಾಲು ಕಲ್ಲು ಮಡುಗಿ, ನೆಡುಕೆ ಮಣ್ಣು ತುಂಬುಸಿ, ಕಾಲಿಲಿ ಮೆಟ್ಟಿ ಮೆಟ್ಟಿ ಗಟ್ಟಿ ಮಾಡುದು. ಆಧಾರಕ್ಕೆ ಅಡಕ್ಕೆ ಮರದ ತುಂಡು, ಸೊಪ್ಪು. ಕೆಲಸ ಮುಗಿವನ್ನಾರ ನೀರು ಹೋಪಲೆ ಒಂದು ಬಾಯಿ ಬಿಟ್ಟು, ಅಕೇರಿಗೆ ಅದರ ಮುಚ್ಚುದು. ನೀರು ನಿಧಾನಕ್ಕೆ ಏರಿ, ಕರೆಲಿಪ್ಪ ಕಣಿಗೆ ಹತ್ತಿ, ತನ್ನಷ್ಟಕ್ಕೇ ತೋಟಕ್ಕೆ ಹೋಕು. ಅಲ್ಲಿ ಕಣಿಲಿ ನಿಂದುಗೊಂಡು ಹಾಳೆಲಿ ಮರದ ಬುಡಕ್ಕೆ ತೋಕುದು. ಒಂದೇ ತೋಡಿಂಗೆ ಸಾಲು ಸಾಲು ಕಟ್ಟಂಗೊ ಇದ್ದರೆ, ಕೆಳಾಣ ಕಟ್ಟದ ನೀರು ಮೇಗಾಣ ಕಟ್ಟದ ಬುಡದ ವರೆಗೆ ನಿಲ್ಲುಗು. ಏತಡ್ಕದ ಹೊಡೆಲಿ ಹೀಂಗಿಪ್ಪ ಕಟ್ಟಂಗಳ ಇತ್ತೀಚೆಗಾಣ ವರ್ಷಂಗಳಲ್ಲಿಯೂ ಕಟ್ಟಿದ್ದವು.

ಯೇವಗ ಕಟ್ಟುದು ಹೇಳ್ತದರಲ್ಲೇ ಬುದ್ಧಿ ಇಪ್ಪದು. ಅಕ್ಟೋಬರ, ನವೆಂಬರಿಲಿ ಹೊತ್ತೋಪಗ ಗುಡುಗಿಗೊಂಡು ಬಪ್ಪ ಮಳೆ ಇದ್ದನ್ನೆ, ಅದು ಹೊಸ ಕಟ್ಟವ ಒಂದೇ ಇರುಳಿಲಿ ತೊಳದು ಕೊಂಡೋಕು. ಅದಕ್ಕೆ ಹೆದರಿ ತಡವು ಮಾಡಿರೆ ತೋಡಿನ ಹರಿವೇ ಸಪೂರ ಅಕ್ಕು, ಕಟ್ಟಲ್ಲಿ ನಿಂಬಲೆ ನೀರೇ ಇರ. ನವೆಂಬರಿನ ಅಕೇರಿ, ದಶಂಬರದ ಸುರು – ಇದರ ಒಳ ದಿನ ಹಿಡಿಯೆಕ್ಕು. ಎಂಗಳ ಅಜ್ಜ° ಪಂಚಾಂಗಂದ ಹೆಚ್ಚು ಮೂಡು ಹೊಡೆಣ ಮುಗಿಲಿನ ನೋಡುಗು. ಅಲ್ಲಿ ಕಪ್ಪು ಕಟ್ಟದ್ದೆ ನಾಲ್ಕು ದಿನ ಕಳುದರೆ ಊರಿಂಗೆ ಹೇಳಿಕೆ ಹೋಕು.

ನೀರು ಸಿಕ್ಕುವ ಪ್ರತಿ ಮನೆಂದಲೂ ಆಳು ಬರೆಕ್ಕು. ತೋಟ ದೊಡ್ಡ ಇದ್ದರೆ ಆಳು ಹೆಚ್ಚು. ಜಾಗೆಯ ಗೆರೆಗೆ ಜಗಳ ಮಾಡಿಗೊಂಡ ಎರಡು ಮನೆಯವುದೆ ಆ ದಿನ ಒಂದೇ ಸಾಲಿಲಿ ನಿಂದು ಕಲ್ಲು ದಾಂಟುಸುಗು. ಮಾತಾಡದ್ದರೂ ತೊಂದರೆ ಇಲ್ಲೆ, ಕಲ್ಲು ತೆಕ್ಕೊಂಡರೆ ಸಾಕು. ಉದಿಯಪ್ಪಗಾಣ ಚಳಿಗೆ ನೀರಿಲಿ ನಿಂದವರ ಕಾಲು ಜೋಮು ಹಿಡಿಗು, ಎಡೆಲಿ ಎಡೆಲಿ ಬೆಶಿ ಕಾಪಿ ಬಕ್ಕು. ಮಜ್ಜಾನಕ್ಕೆ ಹತ್ತರಾಣ ಮನೆಲಿ ಊಟ, ಸೌತೆಕಾಯಿ ಕೊದಿಲು. ಮಣ್ಣು ಮೆಟ್ಟುವಗ ಜಾತಿ ಕೇಳುವವು ಇಲ್ಲೆ. ಉಂಬಲಪ್ಪಗ ಬಾಳೆ ಬೇರೆ ಬೇರೆ ಹೊಡೆಲಿ ಹಾಕುಗು.

1956ರ ನವೆಂಬರ 1ಕ್ಕೆ ರಾಜ್ಯದ ಗೆರೆ ನೆಡುಕೆ ಬಂತು, ಕಾಸರಗೋಡು ಕೇರಳಕ್ಕೆ ಹೋತು. ಕಟ್ಟಕ್ಕೆ ಅದರಿಂದ ಎಂತದೂ ಆಯಿದಿಲ್ಲೆ. ಕಟ್ಟ ನಿಂದದು ಪಂಪು ಬಂದ ಕಾರಣ ಹೇಳಿ ಎಲ್ಲೋರುದೆ ಹೇಳ್ತವು. ಅದು ಅಪ್ಪು, ಆದರೆ ಅರ್ಧ ಮಾತ್ರ ಹೇಳಿ ಎನ್ನ ಅಭಿಪ್ರಾಯ. ಭೂಸುಧಾರಣೆ – ಕೇರಳಲ್ಲಿ 1970, ಕರ್ನಾಟಕಲ್ಲಿ 1974 – ಬಂದಪ್ಪಗ ಗೇಣಿಗೆ ದುಡುದವಕ್ಕೆ ಜಾಗೆ ಅವರದ್ದೇ ಆತು. ಧಣಿ ಕರದಪ್ಪಗ ಕಟ್ಟಕ್ಕೆ ಬಂದೇ ಬರೆಕ್ಕು ಹೇಳ್ತ ಕ್ರಮವೂ ಸಡಿಲ ಆತು. ಆದ್ದು ಒಳ್ಳೆದೇ. ಆದರೆ ಅದರ ಜಾಗೆಲಿ, ಎಲ್ಲೋರುದೆ ಸಮಾನ ಆಗಿ ಕೂದು ಹೊಸ ಒಪ್ಪಂದ ಒಂದು ಮಾಡೆಕ್ಕಾತು. ಹೆಚ್ಚಿನ ತೋಡುಗಳ ಕರೆಲಿ ಅದು ನೆಡದ್ದಿಲ್ಲೆ. ಕರವಲೆ ಹೋದರೆ ಮರ್ಯಾದೆ ಹೋಕು ಹೇಳಿ ದೊಡ್ಡ ಮನೆಯವಕ್ಕೆ, ಹೋದರೆ ಹಳೇ ಕಾಲ ತಿರುಗಿ ಬಕ್ಕು ಹೇಳಿ ಉಳುದವಕ್ಕೆ. ಪಂಪು ಇತ್ತನ್ನೆ, ಆರನ್ನೂ ಕೇಳೆಕ್ಕು ಹೇಳಿ ಇಲ್ಲೆ. ಮತ್ತೆ ಕೆರೆ ಆರಿತ್ತು, ಒಬ್ಬೊಬ್ಬ° ಒಂದೊಂದು ಬೋರು ಕೊರದ°.

ಕಟ್ಟಲ್ಲಿ ನಿಂದ ನೀರು ಭೂಮಿಗೆ ಇಳುದು ಕರೆಲಿಪ್ಪ ಬಾವಿಗಳನ್ನೂ ಸಾಂಕಿಗೊಂಡಿತ್ತು ಹೇಳಿ ಬಾವಿ ಆರಿದ ಮೇಲೆಯೇ ಹಲವು ಜೆನಕ್ಕೆ ಗೊಂತಾದ್ದು.

ಈಗ ಕೆಲವು ದಿಕ್ಕೆ ಪುನಾ ಕಟ್ಟ ಕಟ್ಟುತ್ತವು. ಮಣ್ಣಿನ ಬದಲು ಹೊಯಿಗೆ ಗೋಣಿ, ಅದರ ಮೇಗೆ ಪ್ಲಾಸ್ಟಿಕು ಹಾಳೆ. ಆಳು ಕಮ್ಮಿ ಸಾಕು. ಎಂಗಳ ತೋಡಿಲಿ ಹಳೇ ಕಟ್ಟದ ಎರಡು ಸಾಲು ಕಲ್ಲು ಇನ್ನುದೆ ಇದ್ದು. ಈ ವರ್ಷ ಮೂರು ಮನೆಯವು ಒಪ್ಪಿದ್ದವು. ಬೋರಿಲಿ ನೀರಿಪ್ಪ ನಾಲ್ಕನೇ ಮನೆಯವರ ಹತ್ತರೆ ಕೇಳುಲೆ ಬಾಕಿ ಇದ್ದು, ಗುಡುಗು ನಿಲ್ಲುವ ಮದಲೇ ಕೇಳೆಕ್ಕು.