ಗ್ಯಾರೇಜಿನ ಟರ್ಬೊ, ಕಾರ್ಖಾನೆಯ ಟರ್ಬೊ

ವೇಗದ ಕಾರಿಗೆ ಟರ್ಬೊ ಜೋಡಿಸಿಕೊಳ್ಳುವುದು ಲೇಸೋ, ಟರ್ಬೊ ಇರುವ ಕಾರನ್ನೇ ಕೊಳ್ಳುವುದು ಲೇಸೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಹಣ ಮತ್ತು ಹವ್ಯಾಸಕ್ಕೆ ಸೇರಿದ್ದು. ಕೇರಳದಲ್ಲಿ ಅದು ಕಾನೂನಿನ ಚರಿತ್ರೆಗೂ ಸೇರಿದೆ. ವಾಹನ ನಿಯಮಗಳನ್ನು ಜಾರಿಗೊಳಿಸುವ ಸಾರಿಗೆ ಆಯುಕ್ತರ ಕಚೇರಿ ಇರುವುದು ತಿರುವನಂತಪುರದಲ್ಲಿ. ಅವುಗಳ ಅರ್ಥವನ್ನು ನಿರ್ಣಯಿಸುವ ಹೈಕೋರ್ಟ್ ಇರುವುದು ಕೊಚ್ಚಿಯಲ್ಲಿ. ಇವೆರಡರ ನಡುವಿನ ವ್ಯಾಜ್ಯವೊಂದು ದೆಹಲಿಯನ್ನು ತಲುಪಿ ದೇಶದ ಗ್ಯಾರೇಜುಗಳಿಗೆಲ್ಲ ಅನ್ವಯಿಸುವ ತೀರ್ಪಾಯಿತು.

ಟರ್ಬೊದ ತತ್ತ್ವ ಸರಳವಾದುದು. ಎಂಜಿನ್ ಹೊರಗೆ ಚೆಲ್ಲುವ ಬಿಸಿ ಹೊಗೆಯಿಂದ ಚಕ್ರವೊಂದನ್ನು ತಿರುಗಿಸಿ, ಅದೇ ದಂಡದ ಮತ್ತೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆ ತುಂಬುವುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಇಪ್ಪತ್ತು ವರ್ಷಗಳ ಬಳಿಕ ಎರಡು ಜರ್ಮನ್ ಪ್ರಯಾಣಿಕ ಹಡಗುಗಳಲ್ಲಿ ಅದು ಫಲ ಕೊಟ್ಟಿತು: 1750 ಅಶ್ವಶಕ್ತಿಯ ಎಂಜಿನ್ 2500 ಅಶ್ವಶಕ್ತಿ ನೀಡಿತು.

ಕಾರಿಗೆ ಬಂದಾಗ ಕಾರ್ಖಾನೆಯೂ ಎಡವಿತು. 1962ರಲ್ಲಿ ಜನರಲ್ ಮೋಟಾರ್ಸ್ ತಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನ ಎಂಜಿನ್ ಸಿಡಿತಕ್ಕೆ ಸಿಲುಕದಂತೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಆಗಾಗ ತುಂಬಿಸಬೇಕಿತ್ತು. ಎಷ್ಟೋ ಮಾಲೀಕರು ತುಂಬಿಸಲಿಲ್ಲ. ಹತ್ತು ಸಾವಿರ ಕಾರುಗಳೂ ಆಗುವ ಮೊದಲೇ, 1963ರಲ್ಲಿ, ತಯಾರಿಕೆ ನಿಂತಿತು. ಮುಂದೆ ಕಂಪನಿಯೇ ಟರ್ಬೊ ಕಳಚಿ ಸಾಧಾರಣ ಕಾರ್ಬ್ಯುರೇಟರ್ ಹಾಕಿಕೊಟ್ಟಿತು. ಇಲ್ಲಿ ಗಮನಿಸಬೇಕಾದುದು ಎಡವಿದ್ದನ್ನಲ್ಲ. ಎಡವಿದಾಗ ಉತ್ತರ ಹೇಳಲು ಒಬ್ಬರಿದ್ದರು ಎಂಬುದನ್ನು.

1975ರ ಪೋರ್ಷೆ 911 ಟರ್ಬೊ ಬೇರೊಂದು ಪಾಠ ಕಲಿಸಿತು. ಒತ್ತಿದ ಗಾಳಿಯನ್ನು ತಾಳಿಕೊಳ್ಳಲೆಂದು ಅದರ ಎಂಜಿನ್ನಿನ ಸಂಪೀಡನ ಅನುಪಾತವನ್ನು 6.5ಕ್ಕೆ ಇಳಿಸಿದ್ದರು. ಅಂದರೆ ಕಾರ್ಖಾನೆಯ ಟರ್ಬೊ ಎಂದರೆ ಟರ್ಬೊ ಸೇರಿಸಿದ ಹಳೆಯ ಎಂಜಿನ್ ಅಲ್ಲ. ಪಿಸ್ಟನ್, ಇಂಧನದ ಅಳತೆ, ತಂಪುಗೊಳಿಸುವ ವ್ಯವಸ್ಥೆ, ಬ್ರೇಕು ಎಲ್ಲವೂ ಆ ಒತ್ತಡಕ್ಕೆ ಹೊಂದಿಕೊಂಡಿರಬೇಕು. ಗ್ಯಾರೇಜಿನ ಕುಶಲಿ ಇದನ್ನೆಲ್ಲ ಬಲ್ಲವನೇ ಇರಬಹುದು. ಆದರೆ ಅವನ ಕೆಲಸವನ್ನು ಸಾವಿರಾರು ಕಿಲೋಮೀಟರ್ ಪರೀಕ್ಷಿಸಿ ಮೊಹರು ಒತ್ತುವವರಿಲ್ಲ.

ನಮ್ಮ ಕಾನೂನು ಮೊದಲಿಗೆ ಮಾಲೀಕನನ್ನು ನಂಬಿತ್ತು. 1939ರ ಮೋಟಾರು ವಾಹನ ಕಾಯ್ದೆಯಾಗಲಿ, 1988ರ ಕಾಯ್ದೆಯ ಮೂಲ 52ನೆಯ ಕಲಮಾಗಲಿ ಮಾರ್ಪಾಡನ್ನು ನಿಷೇಧಿಸಿರಲಿಲ್ಲ. ನೋಂದಣಿ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂದಿದ್ದವು. ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುತ್ತಿದ್ದ ಕಾಲವದು. 2000ದ ತಿದ್ದುಪಡಿ ನಂಬಿಕೆಯ ನೆಲೆಯನ್ನೇ ಬದಲಿಸಿತು. ನೋಂದಣಿ ಪತ್ರದ ವಿವರಗಳು ತಯಾರಕನು ಮೂಲತಃ ಹೇಳಿದ್ದಕ್ಕಿಂತ ಭಿನ್ನವಾಗಕೂಡದು ಎಂದಿತು. ಇಂಧನ ಬದಲಿಸುವ ಕಿಟ್‌ಗಳಿಗೆ ವಿನಾಯಿತಿ ದೊರೆಯಿತು, ಟರ್ಬೊಗೆ ದೊರೆಯಲಿಲ್ಲ. ಟರ್ಬೊದಿಂದ ಎಂಜಿನ್ನಿನ ಗಾತ್ರ ಬದಲಾಗದು, ನಿಜ. ಅಶ್ವಶಕ್ತಿ ಬದಲಾಗುತ್ತದೆ, ಅದೂ ದಾಖಲೆಯಲ್ಲಿರುವ ವಿವರವೇ.

2018ರ ಅಕ್ಟೋಬರಿನಲ್ಲಿ ಟಾಟಾ ಕಂಪನಿಯು ಕೊಯಮತ್ತೂರಿನ ಜಯೆಮ್ ಸಂಸ್ಥೆಯೊಡನೆ ಸೇರಿ ಟಿಯಾಗೊ ಜೆಟಿಪಿ ಕಾರನ್ನು ಬಿಡುಗಡೆ ಮಾಡಿತು. ಸಣ್ಣ ಕಾರೊಂದಕ್ಕೆ 114 ಅಶ್ವಶಕ್ತಿಯ ಟರ್ಬೊ ಎಂಜಿನ್, ಅದಕ್ಕೆ ತಕ್ಕಂತೆ ತಿದ್ದಿದ ಗೇರು ಮತ್ತು ಸಸ್ಪೆನ್ಷನ್. ರೇಸಿನ ಕುಶಲಿಗಳ ಕೈಕೆಲಸವೇ ಕಾರ್ಖಾನೆಯ ಮೊಹರಿನೊಂದಿಗೆ ಮಾರಾಟಕ್ಕೆ ಬಂದಂತಾಯಿತು. ಮೂರು ತಿಂಗಳು ತುಂಬುವ ಮೊದಲೇ, 2019ರ ಜನವರಿ 9ರಂದು, ಕೇರಳದ ಸಾರಿಗೆ ಅಧಿಕಾರಿಗಳ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ವಿವಾದವಿದ್ದುದು ಎಂಜಿನ್ನಿನ ಬಗ್ಗೆ ಅಲ್ಲ. ಆದರೆ ರಾಜ್ಯದ ನಿಯಮಗಳು ಕಾಯ್ದೆಗೆ ಅಧೀನ, ತಯಾರಕನ ಮೂಲ ವಿವರಗಳನ್ನು ಮಾಲೀಕ ಬದಲಿಸುವಂತಿಲ್ಲ ಎಂಬ ಮಾತು ಎಂಜಿನ್ನಿಗೂ ಅನ್ವಯಿಸಿತು. ಕೊಚ್ಚಿಯ ಹೈಕೋರ್ಟಿನ ವಿಭಾಗೀಯ ಪೀಠದ ಆದೇಶ ರದ್ದಾಯಿತು.

ಅದೇ ವರ್ಷದ ತಿದ್ದುಪಡಿ ಒಂದು ಕೈಯಲ್ಲಿ ಬೆತ್ತ ಹಿಡಿಯಿತು: ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಇನ್ನೊಂದು ಕೈಯಲ್ಲಿ ಬಾಗಿಲನ್ನೂ ತುಸು ತೆರೆಯಿತು: ಕೇಂದ್ರ ಸರ್ಕಾರ ಮಾರ್ಪಾಡುಗಳಿಗೆ ಮಾನದಂಡ ವಿಧಿಸಬಹುದು, ಅದರಂತೆ ಮಾಡಿದರೆ ತಯಾರಕನ ವಾರಂಟಿ ಅಸಿಂಧುವಾಗದು.

ವರ್ಗಾವಣೆಯ ನೌಕರಿಯಲ್ಲಿರುವ ನಾವು ಇದನ್ನು ದೂರದ ಸಂಗತಿಯೆಂದು ಓದಲಾರೆವು. ಕರ್ನಾಟಕದ ಕಾರನ್ನು ಕೇರಳದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಹೊಸ ನೋಂದಣಿ ಕಡ್ಡಾಯ. ಆಗ ಕಾಗದವನ್ನೂ ಕಾರನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಅಪಘಾತವಾದರೆ ವಿಮಾ ಕಂಪನಿ ನೋಡುವುದೂ ಹಾಗೆಯೇ, ಮತ್ತು ಅಲ್ಲಿ ಸಿಕ್ಕಿಬೀಳುವವನು ಮಾಲೀಕನೊಬ್ಬನೇ ಅಲ್ಲ, ಪೆಟ್ಟುತಿಂದ ದಾರಿಹೋಕನೂ ಹೌದು. ಆದ್ದರಿಂದ ರಸ್ತೆಯ ಮಟ್ಟಿಗೆ ಕಾರ್ಖಾನೆಯ ಟರ್ಬೊವೇ ಸರಿಯೆಂಬುದು ನಮ್ಮ ಅಭಿಪ್ರಾಯ. ಅಷ್ಟರಿಂದ ಗ್ಯಾರೇಜಿನ ವಿದ್ಯೆ ಕೀಳೆಂದಾಗುವುದಿಲ್ಲ. ಜೆಟಿಪಿಯ ಬಾಳು 2020ರಲ್ಲಿ ಮುಗಿಯಿತಾದರೂ, ಅಂಥ ವಿದ್ಯೆಯನ್ನು ಪರೀಕ್ಷೆಗೊಡ್ಡಿ ರಸ್ತೆಗಿಳಿಸಬಹುದೆಂದು ಅದು ತೋರಿಸಿಕೊಟ್ಟಿತು. 2019ರ ತಿದ್ದುಪಡಿ ತೆರೆದ ಬಾಗಿಲಿನಿಂದ ಸಣ್ಣ ಗ್ಯಾರೇಜುಗಳೂ ಪರೀಕ್ಷೆಗೆ ಬರುವಂತಾಗಬೇಕು. ಆಗ ಅವರ ಕೆಲಸಕ್ಕೂ ಉತ್ತರ ಹೇಳುವವರೊಬ್ಬರು ಇರುತ್ತಾರೆ.