ಗೋಲಿ ಸೋಡದಿಂದ ಸ್ಟೌಟ್ ನಲ್ಲಿಯವರೆಗೆ

ಬೈಂದೂರಿನ ಮೇ ತಿಂಗಳ ಸೆಕೆಯಲ್ಲಿ ಗೂಡಂಗಡಿಯ ಮುಂದೆ ನಿಂತು ಗೋಲಿ ಸೋಡ ಕುಡಿದಿದ್ದೀರಾ? ಗೋಲಿಯನ್ನು ಒಳಗೆ ಒತ್ತಿದೊಡನೆ ಸದ್ದು ಬರುತ್ತದೆ, ಗುಳ್ಳೆಗಳು ಮೇಲೇಳುತ್ತವೆ. ಸೀಸೆಯ ಬಾಯಿಯ ರಬ್ಬರ್ ಬಳೆಗೆ ಗೋಲಿಯನ್ನು ಒತ್ತಿ ಹಿಡಿದಿದ್ದುದು ಒಳಗಿನ ಅನಿಲವೇ. ಈ ಸೀಸೆಯನ್ನು 1872ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಹೈರಮ್ ಕಾಡ್.

ಆ ಅನಿಲ ಇಂಗಾಲದ ಡೈಆಕ್ಸೈಡ್. ತೆಂಗಿನ ಕಳ್ಳಿನ ಮಡಕೆಯಲ್ಲಿ ನೊರೆ ಎಬ್ಬಿಸುವುದೂ ಇದೇ. 1767ರಲ್ಲಿ ಲೀಡ್ಸ್ ನಗರದ ಬಿಯರ್ ತಯಾರಿಕಾ ಕೇಂದ್ರವೊಂದರ ಪಕ್ಕದಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಯ ಮೇಲೆ ನಿಂತ ಈ ಅನಿಲವನ್ನು ನೀರಿನಲ್ಲಿ ಬೆರೆಸಿ ಸೋಡ ನೀರು ಮಾಡಿದ. ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ನಿಯಮವನ್ನು ಕಂಡುಕೊಂಡ: ಒತ್ತಡ ಎರಡು ಪಟ್ಟಾದರೆ ವಿಲೀನವಾಗುವ ಅನಿಲವೂ ಎರಡು ಪಟ್ಟು. ಅವನ ಗೆಳೆಯ ಜಾನ್ ಡಾಲ್ಟನ್ ಅದೇ ವರ್ಷಗಳಲ್ಲಿ ತೋರಿಸಿದ್ದೇನೆಂದರೆ, ಮಿಶ್ರಣದಲ್ಲಿರುವ ಪ್ರತಿ ಅನಿಲವೂ ತನ್ನ ಪಾಲಿನ ಒತ್ತಡವನ್ನಷ್ಟೇ ಹೇರುತ್ತದೆ. ಇದೇ ಆಂಶಿಕ ಒತ್ತಡ.

ಈ ಗೆಳೆಯರ ಎರಡು ನಿಯಮಗಳು ಒಂದೇ ನಲ್ಲಿಯಲ್ಲಿ ಕೂಡಿದ್ದು ಒಂದೂವರೆ ಶತಮಾನದ ನಂತರ. ಹುರಿದ ಬಾರ್ಲಿಯಿಂದ ಮಾಡುವ ಕಪ್ಪು ಬಿಯರಿಗೆ ಸ್ಟೌಟ್ ಎಂದು ಹೆಸರು. ಐರ್ಲೆಂಡಿನಲ್ಲಿ ಇದನ್ನು ಎರಡು ಪೀಪಾಯಿಗಳಿಂದ ಬಡಿಸುತ್ತಿದ್ದರು. ಒಂದರಲ್ಲಿ ನೊರೆ ತುಂಬಿದ ಹೊಸತು, ಇನ್ನೊಂದರಲ್ಲಿ ಅನಿಲ ಇಳಿದ ಹಳೆಯದು. ಹದವಾಗಿ ಬೆರೆಸಲು ನುರಿತ ಕೈ ಬೇಕು. ಒಂದೇ ಪೀಪಾಯಿಯಿಂದ ಬಡಿಸಲು ಇಂಗಾಲದ ಡೈಆಕ್ಸೈಡಿನಿಂದ ನೂಕಿದರೆ ಅದು ಅತಿಯಾಗಿ ವಿಲೀನವಾಗಿ ನಾಲಗೆ ಚುರುಗುಟ್ಟುತ್ತದೆ, ನೊರೆ ಉಕ್ಕಿ ಹರಿಯುತ್ತದೆ. ಒತ್ತಡ ತಗ್ಗಿಸಿದರೆ ಬಿಯರ್ ಮೇಲೇರುವುದೇ ಇಲ್ಲ.

ಗಿನ್ನೆಸ್ ಸಂಸ್ಥೆ ಸೇರಿದ್ದ ಗಣಿತಜ್ಞ ಮೈಕೆಲ್ ಆ್ಯಶ್ ಇದಕ್ಕೆ ನೈಟ್ರೋಜನ್ ಆರಿಸಿಕೊಂಡ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ನೀರಿನಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು ಐವತ್ತನೇ ಒಂದು ಪಾಲಿನಷ್ಟು ಮಾತ್ರ ವಿಲೀನವಾಗುತ್ತದೆ. 1959ರಲ್ಲಿ ಈ ವಿಧಾನ ಬಳಕೆಗೆ ಬಂತು. ಇಂದು ಸಾಮಾನ್ಯವಾಗಿ ಬಳಸುವ ಮಿಶ್ರಣದಲ್ಲಿ ನೈಟ್ರೋಜನ್ 75 ಪಾಲು, ಇಂಗಾಲದ ಡೈಆಕ್ಸೈಡ್ 25 ಪಾಲು. ಒಟ್ಟು ಒತ್ತಡ ವಾತಾವರಣದ 3 ಪಟ್ಟು ಎಂದಿಟ್ಟುಕೊಳ್ಳಿ. ಇಂಗಾಲದ ಡೈಆಕ್ಸೈಡಿನ ಪಾಲು 0.75 ಪಟ್ಟು ಮಾತ್ರ! ನೂಕುಬಲ ಹೆಚ್ಚು, ಚುರುಕು ಕಡಿಮೆ.

ಮನೆಯಲ್ಲಿ ಇಂಥ ವ್ಯವಸ್ಥೆ ಮಾಡಿಕೊಳ್ಳುವವರು ತಂಪಿನಲ್ಲಿಟ್ಟ ಪೀಪಾಯಿ, ಮಿಶ್ರ ಅನಿಲದ ಸಿಲಿಂಡರು, ಒತ್ತಡ ತಗ್ಗಿಸುವ ರೆಗ್ಯುಲೇಟರು, ಕೊಳವೆ ಮತ್ತು ನಲ್ಲಿಯನ್ನು ಜೋಡಿಸುತ್ತಾರೆ. ನಲ್ಲಿಯೊಳಗೆ ಸಣ್ಣ ರಂಧ್ರಗಳ ಬಿಲ್ಲೆಯೊಂದಿರುತ್ತದೆ. ಅದರ ಮೂಲಕ ರಭಸದಿಂದ ನುಗ್ಗುವಾಗ ಒತ್ತಡ ಥಟ್ಟನೆ ಇಳಿದು ನೈಟ್ರೋಜನ್ ನುಣ್ಣನೆಯ ಗುಳ್ಳೆಗಳಾಗಿ ಹೊರಬೀಳುತ್ತದೆ. ಸುತ್ತಲಿನ ಗಾಳಿಯಲ್ಲೂ 78 ಪಾಲು ನೈಟ್ರೋಜನ್ ಇರುವುದರಿಂದ ಗುಳ್ಳೆಯ ಅನಿಲ ಬೇಗ ಹೊರಹೋಗದು. ನೊರೆ ಕೆನೆಯಂತೆ ನಿಲ್ಲುತ್ತದೆ.

ಆದರೆ ಎಚ್ಚರ! ತುಂಬಿದ ಸಿಲಿಂಡರಿನಲ್ಲಿ ಒತ್ತಡ ವಾತಾವರಣದ ನೂರು ಪಟ್ಟನ್ನೂ ಮೀರಬಹುದು. ರೆಗ್ಯುಲೇಟರ್ ಇಲ್ಲದೆ ಪೀಪಾಯಿಗೆ ಜೋಡಿಸಿದರೆ ಸ್ಫೋಟವಾದೀತು. ಮುಚ್ಚಿದ ಕೋಣೆಯಲ್ಲಿ ಅನಿಲ ಸೋರಿದರೆ ಆಮ್ಲಜನಕ ಕಡಿಮೆಯಾಗುತ್ತದೆ. ಎರಡು ಅನಿಲಗಳಿಗೂ ವಾಸನೆ ಇಲ್ಲ, ಮೂಗು ಎಚ್ಚರಿಸುವುದಿಲ್ಲ. ಸಿಲಿಂಡರಿಲ್ಲದೆಯೇ ಮನೆಯಲ್ಲಿ ಅದೇ ನೊರೆ ಸಿಗುವಂತೆ 1988ರಲ್ಲಿ ಡಬ್ಬಿಯೊಳಗೆ ನೈಟ್ರೋಜನ್ ತುಂಬಿದ ಟೊಳ್ಳು ಪ್ಲಾಸ್ಟಿಕ್ ತುಣುಕನ್ನು ಇಡಲಾಯಿತು. ಡಬ್ಬಿ ತೆರೆದಾಗ ಅದರಿಂದ ಚಿಮ್ಮುವ ಅನಿಲವೇ ನೊರೆ ಎಬ್ಬಿಸುತ್ತದೆ.

ಇದರ ಪಾಠಕ್ಕೆ ತರಗತಿಯಲ್ಲಿ ಮದ್ಯ ಬೇಕಿಲ್ಲ. ಎರಡು ಸೋಡ ಸೀಸೆ ತನ್ನಿ. ಒಂದನ್ನು ಮಂಜುಗಡ್ಡೆಯ ನೀರಿನಲ್ಲಿಡಿ, ಇನ್ನೊಂದನ್ನು ಕೋಣೆಯ ನೆರಳಿನಲ್ಲೇ ಬಿಡಿ. ಬಿಸಿಲಿಗೆ ಮಾತ್ರ ಇಡಬೇಡಿ. ಅರ್ಧ ಗಂಟೆಯ ನಂತರ ಎರಡನ್ನೂ ತೆರೆಯಿರಿ. ಯಾವುದು ಹೆಚ್ಚು ಉಕ್ಕಿತು? ಹೆನ್ರಿಯ ನಿಯಮವನ್ನು ಹೇಳುವಾಗ ತಾಪವನ್ನೂ ಏಕೆ ಹೇಳಬೇಕೆಂಬುದನ್ನು ವಿದ್ಯಾರ್ಥಿಗಳೇ ನಿಮಗೆ ತಿಳಿಸುತ್ತಾರೆ.